ಕುಂಕುಮದಡಿಯ ನಂಬರು

29 ಸೆಪ್ಟೆಂಬರ್ 2025, ಸೋಮವಾರ. ಬೆಳಿಗ್ಗೆ 7.20, ಬಸ್ಸಿನಲ್ಲಿ

ಸೀಟು ಸಿಕ್ಕಿತು. ಪುಣೆಯ ಕೋಥರೂಡ ಡಿಪೋದಲ್ಲೇ ಹತ್ತುವುದರ ಒಂದೇ ಸುಖ ಅದು. ಸ್ವಾರಗೇಟ ಬರುವಷ್ಟರಲ್ಲಿ ಯಾರದೋ ಬ್ಯಾಗು ನನ್ನ ತೊಡೆಯ ಮೇಲೆ ಬಂದು ಕೂತಿತ್ತು. ಇಡಲಾ ಅಂತ ಕೇಳುವ ಸೌಜನ್ಯವೂ ಇಲ್ಲ. ಹಡಪಸರಕ್ಕೆ ಇನ್ನೂ ಮುಕ್ಕಾಲು ಗಂಟೆ.

ವರ್ಕ್‌ಶಾಪಿಗೆ ಎರಡು ಟರ್ಬೋಚಾರ್ಜರ್ ರಿಪೇರಿಗೆ ಬಂದಿವೆ. ಜಾಬ್ 41, ಜಾಬ್ 42. ಒಬ್ಬನೇ ಮಾಲೀಕನ ಎರಡು ಹಡಗು, ಮಾಡೆಲ್ಲೂ ಒಂದೇ. 41ರ ಎಂಜಿನ್ ಆರು ಸಿಲಿಂಡರ್, 42ರದು ಏಳು. ಬಿಚ್ಚಿ ಹರವಿದರೆ ಎಲ್ಲ ಒಂದೇ ಥರ, ಡಿಫ್ಯೂಸರ್ ಒಂದು ಬಿಟ್ಟು. ಡಿಫ್ಯೂಸರ್ ಅಂದರೆ ಎಂಜಿನ್ನಿಗೆ ಗಾಳಿ ನೂಕುವ ಚಕ್ರದ ಸುತ್ತ ಕೂರುವ ಬಳೆ, ಮೈತುಂಬ ಅಲಗು. ಅಲಗಿನ ಸಂದು 41ಕ್ಕೆ ಕಿರಿದು, 42ಕ್ಕೆ ಅಗಲ. ನೋಡಿದರೆ ಗೊತ್ತಾಗುವುದಿಲ್ಲ. ಅಂಚಿನಲ್ಲಿ ಕೊರೆದ ಸಣ್ಣ ನಂಬರ್ ನೋಡಬೇಕು. ಅದಕ್ಕೇ ಪ್ರತಿ ಬಿಡಿಭಾಗಕ್ಕೂ ತಂತಿಯಿಂದ ಜಾಬ್ ನಂಬರಿನ ಟ್ಯಾಗ್.

ಟ್ಯಾಗ್ ಕಟ್ಟುವವಳು ನಾನು. ಶೈಲಶ್ರೀ, ಕ್ವಾಲಿಟಿ ಇನ್‌ಚಾರ್ಜ್. ಏಳು ವರ್ಷದಲ್ಲಿ ಒಂದೂ ತಪ್ಪಿಲ್ಲ. ಮಿಕ್ಕವರ ತಪ್ಪು ಹಿಡಿದದ್ದು ಲೆಕ್ಕವಿಲ್ಲ. ಹಿಂದಿನಿಂದ ‘ಕಾರಲೆ ಮ್ಯಾಡಮ್’ ಅಂತಾರೆ — ಹಾಗಲಕಾಯಿ. ಗೊತ್ತು ನನಗೆ. ಅನ್ನಲಿ. ಹಾಗಲಕಾಯಿ ತಿಂದು ಯಾರೂ ಸತ್ತಿಲ್ಲ.

1 ಅಕ್ಟೋಬರ್, ಬುಧವಾರ. ಸಂಜೆ 5.40, ಬಸ್

ಖಂಡೇನವಮಿ. ಡಿಪ್ಲೊಮಾ ಮೆಕ್ಯಾನಿಕಲ್, ವಿಜಯಪುರ, ಫಸ್ಟ್ ಕ್ಲಾಸ್. ಆದರೂ ಆಯುಧಪೂಜೆ ಬಂತೆಂದರೆ ನಾನು ರಂಗೋಲಿಯವಳು, ಹೂವಿನವಳು, ಆರತಿ ತಟ್ಟೆಯವಳು. ಮೂವತ್ತೊಂದು ಗಂಡಸರು. ಒಬ್ಬನಿಗೂ ಚೆಂಡುಹೂ ಪೋಣಿಸಲು ಬರುವುದಿಲ್ಲವಂತೆ! ಕೂದಲೆಳೆಯಷ್ಟು ಸಂದು ಅಳೆಯಲು ಬರುತ್ತದೆ, ಸೂಜಿಗೆ ದಾರ ಹಾಕಲು ಮಾತ್ರ ಬರುವುದಿಲ್ಲ.

ಲೇಥಿಗೆ ಮಾಲೆ, ಬ್ಯಾಲೆನ್ಸಿಂಗ್ ಮೆಷಿನ್‌ಗೆ ಮಾಲೆ. ನಡುವೆ ಉದ್ದ ಟೇಬಲ್. ವರ್ಕ್‌ಶಾಪಿನ ಮಾಲೀಕರು ಕಿಶೋರ ಸರ್ ಬಂದರು. ಬೆಳಗಾವಿಯವರು. ಸಿಟ್ಟು ಬಂದರೆ ಮರಾಠಿ, ಕೆಲಸ ಆಗಬೇಕಾದರೆ ಕನ್ನಡ. ಇವತ್ತು ಕನ್ನಡ.

“ಮ್ಯಾಡಮ್, ಆ ಎರಡೂ ಡಿಫ್ಯೂಸರ್ ಮುಂದ ಇಡ್ರಿ. ಏನ್ ಹೊಳ್ಯಾಕತ್ತಾವು! ಫೋಟೋ ಪಾರ್ಟಿಗೆ ಕಳಸೋಣು.”

ಇಟ್ಟೆ. ಟ್ಯಾಗಿನ ತಂತಿ ಮಾಲೆಗೆ ಅಡ್ಡ ಬರುತ್ತಿತ್ತು. ಎರಡನ್ನೂ ಬಿಚ್ಚಿ ಆರತಿ ತಟ್ಟೆಗೆ ಹಾಕಿದೆ. ಟೇಬಲ್ಲಿನ ಮೇಲೆ ಡಿಫ್ಯೂಸರುಗಳು ಎಡಕ್ಕೆ 41, ಬಲಕ್ಕೆ 42. ಅಂಚಿಗೆಲ್ಲ ಅರಿಶಿನ, ಕುಂಕುಮ, ಒತ್ತಿ ಒತ್ತಿ ಹಚ್ಚಿದೆ. ಆಮೇಲೆ ಸಾಹೇಬರ ಮುಖಕ್ಕೆ ಬಿಸಿಲು ಬೀಳುತ್ತದೆ ಅಂತ ಬಾಬು ಮತ್ತೆ ಮೂವರು ಫಿಟ್ಟರುಗಳು ಟೇಬಲನ್ನೇ ಎತ್ತಿ ಹಿಂದುಮುಂದು ಮಾಡಿದರು. ರಂಗೋಲಿ ಮೇಲೆ ನಾಲ್ಕು ಜೊತೆ ಬೂಟು. ಒಂದು ತಾಸು ಬಗ್ಗಿ ಹಾಕಿದ್ದು! ಬಾಯಿಗೆ ಬಂದಂತೆ ಬೈದೆ. ಆರತಿ ಮುಗಿಯುವವರೆಗೂ ಸಿಟ್ಟು ಇಳಿಯಲಿಲ್ಲ.

ಕಾಯಿ ಒಡೆದರು. ಪೇಡೆ. ಎಲ್ಲರೂ ಹೋದ ಮೇಲೆ ಟ್ಯಾಗ್ ಕಟ್ಟಿ, ಬೀಗ ಹಾಕಿಸಿ ಹೊರಟೆ. ಸೊಂಟ ಬಿದ್ದುಹೋಗಿದೆ. ನಾಳೆ ದಸರಾ ರಜೆ. ಮನೆಯಲ್ಲೂ ಹೋಳಿಗೆ ನನ್ನದೇ.

3 ಅಕ್ಟೋಬರ್, ಶುಕ್ರವಾರ

ಹುಲಿಗೆಪ್ಪ 41 ಜೋಡಿಸಿ ಮುಗಿಸಿದ. ಹತ್ತೊಂಬತ್ತು ವರ್ಷದಿಂದ ಇಲ್ಲೇ ಫಿಟ್ಟರ್. ಶಹಾಪುರದ ಕಡೆಯವನು. ಅಪ್ಪ ಅಮ್ಮನ ಜೊತೆ ಇಟ್ಟಿಗೆ ಹೊರಲು ಪುಣೆಗೆ ಬಂದವನು ಇವತ್ತು ಟರ್ಬೋದ ಎದೆ ಬಿಚ್ಚಿ ಮುಚ್ಚುತ್ತಾನೆ. ನಾನು ಸರ್ಟಿಫಿಕೇಟು ಹಿಡಿದು ಬಂದಾಗ ಅಲಗಿನ ಮೇಲೆ ಬೆರಳು ಓಡಿಸಿ ಬಿರುಕು ಹುಡುಕುವುದು ಕಲಿಸಿದ್ದು ಇವನೇ. ಎದುರಿಗೆ ಹುಲಿಗೆಪ್ಪಣ್ಣ, ರೀ ಹಚ್ಚಿ ಮಾತು. ಡೈರಿಯಲ್ಲಿ ‘ಅವನು’. ಇದೂ ನನ್ನ ಬುದ್ಧಿಯೇ.

ಅವನದೊಂದು ಪದ್ಧತಿ. ಕೊರೆದ ನಂಬರನ್ನು ಹೆಬ್ಬೆರಳಿನಿಂದ ಒರೆಸಿ ಗಟ್ಟಿಯಾಗಿ ಓದುವುದು, ಶಾಲೆ ಮಕ್ಕಳ ಹಾಗೆ. ಇವತ್ತು ಓದಿದ್ದು ಕೇಳಿಸಲಿಲ್ಲ. ಅಲಗು ತೊಳೆದ, ಅಂಚಿನ ಕುಂಕುಮ ಮುಟ್ಟಲಿಲ್ಲ. ಪೂಜೆಯ ಕುಂಕುಮ ತಾನಾಗಿ ಉದುರಬೇಕು, ಕೈಯಿಂದ ಒರೆಸಬಾರದು ಅನ್ನುವ ಪೈಕಿ. ಟ್ಯಾಗ್ ನೋಡಿದ, ಕೂರಿಸಿದ.

ನನ್ನ ಚೆಕ್‌ಲಿಸ್ಟಿನಲ್ಲಿ ಹದಿನೇಳನೇ ಸಾಲು: ‘ಡಿಫ್ಯೂಸರ್ ನಂಬರ್ ಕಣ್ಣಾರೆ ನೋಡಲಾಗಿದೆ.’ ಟಿಕ್ ಹಾಕಿದೆ. ನಾನೇ ಕಟ್ಟಿದ ಟ್ಯಾಗ್, ಮತ್ತೆ ನೋಡುವುದೇನು. 5.10ರ ಬಸ್ ತಪ್ಪಿದರೆ ಆಮೇಲಿನದರಲ್ಲಿ ನಿಂತೇ ಹೋಗಬೇಕು.

8 ಅಕ್ಟೋಬರ್, ಬುಧವಾರ

42ನ್ನೂ ಹುಲಿಗೆಪ್ಪನೇ ಜೋಡಿಸಿದ. 41, 42 ಎರಡೂ ಮುಂಬೈಗೆ ಹೋದವು. ಪೀಡೆ ಕಳೆಯಿತು.

11 ನವೆಂಬರ್, ಮಂಗಳವಾರ. ಮಧ್ಯಾಹ್ನ, ಊಟದ ಹೊತ್ತು

ಜಾಬ್ 41ರ ಹಡಗಿನಿಂದ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಕಳಿಸಿದವನು ಓಂಕಾರ್, ಅಲ್ಲಿಯ ಸೆಕೆಂಡ್ ಎಂಜಿನಿಯರ್. ಸೊಲ್ಲಾಪುರದ ಹುಡುಗ, ಮನೆಮಾತು ಕನ್ನಡ.

ಇಪ್ಪತ್ತು ಸೆಕೆಂಡ್. ಎಂಜಿನ್ ರೂಮಿನ ಗದ್ದಲ, ಅದರ ನಡುವೆ ಭೋಂ… ಭೋಂ… ದೊಡ್ಡ ನಾಯಿ ಬಾವಿಯೊಳಗಿಂದ ಬೊಗಳಿದ ಹಾಗೆ. ಫೋನ್ ಹಿಡಿದ ಕೈಯೂ ನಡುಗಿದ್ದು ಕಾಣುತ್ತದೆ. ಸರ್ಜಿಂಗ್! ಮುಂದೆ ಹೋಗಬೇಕಾದ ಗಾಳಿ ಹೋಗಲಾರದೆ ತಿರುಗಿ ಬಂದು ಟರ್ಬೋಗೇ ಗುದ್ದುವುದು. ಹೀಗೇ ಬಿಟ್ಟರೆ ಬೇರಿಂಗ್ ಹೋಗುತ್ತದೆ. ಅಲಗು ಮುರಿದು ಕವಚ ಒಡೆದರೆ ಪಕ್ಕದಲ್ಲಿ ನಿಂತವನ ಕಥೆ ಮುಗಿಯಿತು.

ಕಿಶೋರ ಸರ್‌ಗೆ ತೋರಿಸಿದೆ. “ಫಿಲ್ಟರ್ ತೊಳದಿರಂಗಿಲ್ಲ ಸೂಳೇಮಕ್ಳು. ಹಂಗ ಬರದ್ ಕಳಸ್ರಿ” ಅಂದರು. ಬೈಗುಳ ತೆಗೆದು ಮಿಕ್ಕಿದ್ದು ಬರೆದು ಕಳಿಸಿದೆ. ನನಗೂ ಹಾಗೇ ಅನಿಸಿತ್ತು. ಹಡಗಿನವರು ಸೋಮಾರಿಗಳು. ಮಾಡದ್ದನ್ನು ಮಾಡಿದೆವೆಂದು ಬರೆಯುತ್ತಾರೆ.

14 ನವೆಂಬರ್, ಶುಕ್ರವಾರ

ಓಂಕಾರ್‌ನದೇ ಫೋನ್. ದನಿ ಬಿದ್ದುಹೋಗಿದೆ.

“ಮ್ಯಾಡಮ್, ನೀವು ಹೇಳಿದ್ದ ಎಲ್ಲಾ ಮಾಡೀವ್ರಿ. ಫಿಲ್ಟರ್ ಜಾಳಿಗಿ ಎರಡ ಸಲ ತೊಳದೀವಿ, ಏರ್ ಕೂಲರ್ ತೊಳದೀವಿ. ಸ್ಪೀಡ್ ಏರಸೋದೂ ಸಾವಕಾಶ, ಇಳಸೋದೂ ಸಾವಕಾಶ. ಲೋಡ್ ಅರವತ್ತ ಪರ್ಸೆಂಟ್ ದಾಟ್ತೋ, ಸುರು ಆಗ್ತದ. ಕ್ಯಾಪ್ಟನ್ ನನ್ನ ಮ್ಯಾಲೆ ಚೀರಾಡ್ತಾನ.”

“ಟರ್ಬೈನ್ ಕಡೆ ಮಸಿ ಕೂತಿರಬಹುದು. ಅಕ್ರೋಟಿನ ಸಿಪ್ಪಿ ಪುಡಿ ಊದಿದ್ರೇನು?”

“ಊದಿ ಊದಿ ಪುಡಿನ ಮುಗದದ್ರಿ.”

“ಹಂಗಾದ್ರ ಅಕ್ಕಿ ಹಾಕ್ರಿ. ಕುದಸಲಾರದ್ದು, ಒಣ ಅಕ್ಕಿ. ಸಿಪ್ಪಿ ಇಲ್ಲದಾಗ ಹಿಂದಿನವ್ರು ಹಂಗ ಮಾಡ್ತಿದ್ರು. ಹೊಗಿ ಜೊತಿ ಹೋಗಿ ಮಸಿ ಬಡದ್ ಹಾಕ್ತದ.”

“ಅಡಿಗಿ ಭಟ್ಟ ನನ್ನ ಕೊಂದ ಹಾಕ್ತಾನ್ರಿ ಮ್ಯಾಡಮ್” ಅಂದ. ನಕ್ಕ. ನಾನೂ ನಕ್ಕೆ.

ಈ ಅಕ್ಕಿಯ ಉಪಾಯ ನನಗೆ ಹೇಳಿಕೊಟ್ಟದ್ದು ಹುಲಿಗೆಪ್ಪ. ಅವನಿಗೆ ಯಾರೋ ಹಳೆಯ ಹಡಗಿನವನು.

18 ನವೆಂಬರ್, ಮಂಗಳವಾರ

ಅಕ್ಕಿಯೂ ಕೆಲಸ ಮಾಡಲಿಲ್ಲ. ಬೇರಿಂಗ್ ಹೋಯಿತು. ಹಡಗು ಅರ್ಧ ವೇಗದಲ್ಲಿ ಕುಂಟಿಕೊಂಡು ಕೊಲಂಬೋ ಕಡೆ. ಕಿಶೋರ ಸರ್ ತಾವೇ ವಿಮಾನ ಹತ್ತಿದರು. ಹೋಗುವಾಗ ಮರಾಠಿ.

21 ನವೆಂಬರ್, ಶುಕ್ರವಾರ. ಬೆಳಿಗ್ಗೆ 11.15

ಕೊಲಂಬೋದಿಂದ ಫೋಟೋ. ಡಿಫ್ಯೂಸರಿನ ಅಂಚು, ಒರೆಸಿದ್ದು. ನಂಬರ್ ಸ್ಪಷ್ಟ. ಅದು 42ರ ಡಿಫ್ಯೂಸರ್. ಅಗಲ ಸಂದಿನದು. ಆರು ಸಿಲಿಂಡರಿನ ಎಂಜಿನ್ ಎಳೆಯುವ ಗಾಳಿ ಅಷ್ಟು ಅಗಲಕ್ಕೆ ಸಾಲದು. ಸರ್ಜ್ ಆಗದೆ ಇನ್ನೇನಾಗುತ್ತದೆ. ಜಗತ್ತಿನ ಫಿಲ್ಟರೆಲ್ಲ ತೊಳೆದರೂ ಅಷ್ಟೇ, ಮೂಟೆ ಅಕ್ಕಿ ಸುರಿದರೂ ಅಷ್ಟೇ. ತಪ್ಪು ಇಲ್ಲೇ ಆಗಿದೆ, ಹಡಪಸರದಲ್ಲಿ.

ನಂಬರಿನ ಗೆರೆಗಳೊಳಗೆ ಕೆಂಪು ಉಳಿದಿದೆ. ಕುಂಕುಮ.

ಟೇಬಲ್.

ಟೇಬಲ್ ತಿರುಗಿಸಿದ್ದರು.

22 ನವೆಂಬರ್, ಶನಿವಾರ

ಎಡಕ್ಕೆ 41, ಬಲಕ್ಕೆ 42. ತಿರುಗಿಸಿದ ಮೇಲೆ ಎಡದ್ದು ಬಲ. ನಾನು ನೆನಪಿನ ಪ್ರಕಾರ ಎಡಕ್ಕೆ 41 ಕಟ್ಟಿದೆ. ತಿರುಗಿಸಿದ್ದು ಕಣ್ಣೆದುರಿಗೇ. ನನಗೆ ಕಂಡದ್ದು ರಂಗೋಲಿ ಒಂದೇ. ಥೂ!

ಟ್ಯಾಗ್ ಬಿಚ್ಚಬಾರದು ಎಂದು ಗೋಡೆಗೆ ಬೋರ್ಡು ಬರೆಸಿದವಳು ನಾನು.

ಬಿಚ್ಚಿದ್ದು ಯಾರೂ ನೋಡಿಲ್ಲ. ಹೂ ಕಟ್ಟುವವಳ ಕೈ ಯಾರು ನೋಡುತ್ತಾರೆ. ಫೋಟೋಗಳಲ್ಲಿ ಬರೀ ಚೆಂಡುಹೂ ಕಾಣುತ್ತದೆ. ಎಲ್ಲವನ್ನೂ ದೊಡ್ಡದು ಮಾಡಿ ನೋಡಿದೆ. ಸಿಕ್ಕಿಬೀಳುತ್ತೇನಾ ಅನ್ನುವುದನ್ನು ಮೊದಲು ನೋಡಿದೆನಲ್ಲ, ಅದಕ್ಕೇ ಹೇಸಿಗೆ.

24 ನವೆಂಬರ್, ಸೋಮವಾರ

ಮೀಟಿಂಗ್. ಫಿಟ್ಟರುಗಳೆಲ್ಲ ನಿಂತಿದ್ದರು. ಕಿಶೋರ ಸರ್ ಕನ್ನಡದಲ್ಲೇ ಶುರು ಮಾಡಿದರು. ಕೆಲಸ ಆಗಬೇಕಿತ್ತು.

“ಹುಲಿಗೆಪ್ಪ, ಕೊರದ ನಂಬರ್ ಓದಿದ್ಯೋ ಇಲ್ಲೋ?”

“ಇಲ್ರೀ ಸಾಹೇಬ್ರ. ಪೂಜಿ ಕುಂಕುಮ ಇತ್ರಿ, ಒರಸ್ಲಿಲ್ಲ. ಟ್ಯಾಗ್ ನೋಡಿನ್ರಿ. ನಲವತ್ತೊಂದಂತ ಇತ್ತು.”

“ನಲವತ್ತೊಂದ ಇದ್ರ ಒಳಗ ನಲವತ್ತೆರಡರದ್ದು ಹೆಂಗ ಹೋತೋ? ಮ್ಯಾಡಮ್ ತಪ್ಪ ಟ್ಯಾಗ್ ಕಟ್ಯಾರೇನು?”

ಎಲ್ಲರೂ ನಕ್ಕರು. ನಿಜವಾಗಿ ನಕ್ಕರು. ಬಾಬು ಎಲ್ಲರಿಗಿಂತ ಜೋರು. ಹುಲಿಗೆಪ್ಪ ಕೂಡ ನಕ್ಕ.

“ಛೇ ಛೇ. ಅಕ್ಕಾರ ಟ್ಯಾಗ್ ತಪ್ಪಂಗಿಲ್ರಿ.” ನಗು ನಿಂತಿತು. ನೆಲ ನೋಡಿದ. “ನಂಗ ಖರೇನ ನಲವತ್ತೊಂದ ಕಂಡಿತ್ರಿ. ನನ್ನ ಕಣ್ಣಿಗೇ ಏನರ ಆಗಿರಬೇಕು.”

ಆಗ ಹೇಳಬಹುದಿತ್ತು. ಬಾಯಿ ತೆರೆದಿದ್ದೆ ಕೂಡ. ಕಿಶೋರ ಸರ್ “ಮ್ಯಾಡಮ್, ಮೂಲ ಕಾರಣದ ರಿಪೋರ್ಟ್ ನೀವ ಬರೀರಿ, ಬುಧವಾರದೊಳಗ” ಅಂದರು. ನಾನು “ಹೂಂ ಸರ್” ಅಂದೆ.

26 ನವೆಂಬರ್, ಬುಧವಾರ

ಬರೆದೆ. ಆರು ಪುಟ. ಸರ್ಜಿಂಗ್ ಎಂದರೇನು, ಯಾಕಾಗುತ್ತದೆ, ಹೇಗೆ ತಡೆಯಬಹುದು, ಚಿತ್ರ ಸಮೇತ. ಓಂಕಾರ್ ಮಾಡಿದ್ದನ್ನೆಲ್ಲ ಸೇರಿಸಿದೆ. ಆ ಹುಡುಗನ ಮೇಲಿನ ಆರೋಪವಾದರೂ ಹೋಯಿತು. ನಾಲ್ಕನೇ ಪುಟ: ‘ಟ್ಯಾಗ್ ಸರಿಯಾಗಿತ್ತು. ಜೋಡಿಸಿದ ಫಿಟ್ಟರ್ ಓದುವಲ್ಲಿ ತಪ್ಪಿದ್ದಾರೆ. ವಯಸ್ಸು 57. ದೃಷ್ಟಿ ಪರೀಕ್ಷೆ ಆಗಿಲ್ಲ.’

ಎಷ್ಟು ಚೆನ್ನಾಗಿ ಬರೆದಿದ್ದೇನೆಂದರೆ, ಎರಡನೇ ಸಲ ಓದುವಾಗ ನಾನೇ ನಂಬಿಬಿಟ್ಟೆ.

42ರ ಹಡಗನ್ನೂ ಬಂದರಿನಲ್ಲಿ ತಡೆದು ಬಿಚ್ಚಿಸಿದ್ದಾರೆ. ಅದಕ್ಕೆ ಅದರದು, ಇದಕ್ಕೆ ಇದರದು. ಎಲ್ಲ ಸರಿಹೋಗಿದೆಯಂತೆ.

28 ನವೆಂಬರ್, ಶುಕ್ರವಾರ

ಹುಲಿಗೆಪ್ಪನನ್ನು ತೆಗೆದರು. ಯಾರ ಮೇಲೆ ಕ್ರಮ ಕೈಗೊಂಡಿರಿ ಎಂದು ಹಡಗಿನ ಕಂಪನಿ ಕೇಳಿದೆ. ಒಂದು ಹೆಸರು ಬರೆಯಬೇಕಿತ್ತು.

ತನ್ನ ಸ್ಪ್ಯಾನರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಟೇಬಲ್ ಹತ್ತಿರ ಬಂದ.

“ಅಕ್ಕಾರ, ನನ್ನಿಂದ ನಿಮ್ಮ ಹೆಸರಿಗೂ ಮಸಿ ಹತ್ತೋದಿತ್ತು. ತಪ್ಪಾತ್ರಿ.”

ನನ್ನಲ್ಲಿ ಕ್ಷಮೆ ಕೇಳಿದ. ನನ್ನಲ್ಲಿ! ನಾನು “ಇರಲಿ ಬಿಡ್ರಿ ಹುಲಿಗೆಪ್ಪಣ್ಣ” ಅಂದೆ. ಕ್ಷಮಿಸಿದೆ, ಮಹಾತಾಯಿ.

19 ಡಿಸೆಂಬರ್, ಶುಕ್ರವಾರ

ಮೂರು ವಾರ ಬರೆಯಲಿಲ್ಲ. ಏನು ಬರೆಯುವುದು. ಬಸ್ಸು, ಬೈಗುಳ, ಟಿಕ್.

ಹುಲಿಗೆಪ್ಪನ ಜಾಗದಲ್ಲಿ ಈಗ ಬಾಬು. ಊಟದ ಹೊತ್ತಿನಲ್ಲಿ ಹೇಳಿದ: “ಮಾಮಾ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ರಂತ್ರಿ. ಕಣ್ಣು ಝಕಾಸ್ ಅದ ಅಂದ್ರಂತ. ಚಾಳೀಸಿನ ಚಷ್ಮಾ ಅದ, ಅಷ್ಟ.”

ಒಳ್ಳೆಯದಾಯಿತಲ್ಲ ಅಂದೆ.

“ಎಲ್ಲಿ ಒಳ್ಳೇದ್ರಿ. ಕಣ್ಣು ಚಲೋ ಅದ ಅಂದ್ರ ತಲಿ ಕೆಟ್ಟದ ಅಂತ ಆತಲ್ಲ, ಅಂತ ಕುಂತಾರ. ಹೊರಗ ಬರಂಗಿಲ್ಲ. ಹಿಂಜೇವಾಡಿ ಕಡೆ ಒಂದ್ ಗ್ಯಾರೇಜಿನವ್ರು ಕರದ್ರು, ಬ್ಯಾಡ ಅಂದ್ರಂತ. ನನ್ನ ಕೈಯಾಗ ಮತ್ತೊಬ್ಬರ ಜೀವ ಕೊಡಬ್ಯಾಡ್ರಿ ಅಂತ.”

ಡಬ್ಬಿ ಮುಚ್ಚಿದೆ. ಇದು ನಾನು ಅಂದುಕೊಂಡದ್ದಲ್ಲ. ಕೆಲಸ ಹೋಯಿತು, ಇನ್ನೊಂದು ಸಿಗುತ್ತದೆ, ಅಂಥ ಕೈಗೆ ಎಲ್ಲೂ ಬೇಡಿಕೆ — ದಿನಾ ಬಸ್ಸಿನಲ್ಲಿ ನನಗೆ ನಾನು ಹೇಳಿಕೊಳ್ಳುತ್ತಿದ್ದುದು ಅದೇ.

1 ಜನವರಿ 2026, ಗುರುವಾರ

ಚನ್ನವೀರನಿಗೆ ಹೇಳಿದೆ. ಕಟ್ಟಿಕೊಂಡವನು, ಇಪ್ಪತ್ತೆರಡು ವರ್ಷ, ಇನ್ಯಾರಿಗೆ ಹೇಳಲಿ. ಟೀವಿ ದನಿ ಕಡಿಮೆ ಮಾಡಿ ಪೂರ್ತಿ ಕೇಳಿಸಿಕೊಂಡ.

“ಯಾರಿಗಾದ್ರೂ ಹೇಳಿಯೇನು?”

“ಇಲ್ಲ.”

“ಹಂಗಾದ್ರ ಹೇಳಬ್ಯಾಡ. ಆದದ್ದು ಆಗೇತಿ. ನೀ ಹೇಳಿದ್ರ ಅವನ್ನ ತಿರುಗಿ ತಗೋತಾರೇನು? ನಿನ್ನನ್ನೂ ತಗೀತಾರ, ಅಷ್ಟ.”

ಲೆಕ್ಕ ಸರಿ. ವಿಮೆ ಕಂಪನಿಯ ಗುಮಾಸ್ತ, ನಷ್ಟದ ಲೆಕ್ಕ ತಪ್ಪುವುದಿಲ್ಲ. ಟೀವಿ ದನಿ ಮತ್ತೆ ಏರಿಸಿದ. ಬೇರೆ ಏನಾದರೂ ಹೇಳುತ್ತಾನೆ ಅಂದುಕೊಂಡಿದ್ದೆ. ನಾನೂ ಅಷ್ಟೇ, ಅವನಿಂದ ಬೈಸಿಕೊಂಡು ಮುಗಿಸಿಬಿಡೋಣ ಅಂತ ಹೇಳಿದ್ದು.

14 ಜನವರಿ, ಬುಧವಾರ. ಸಂಜೆ

ಸಂಕ್ರಾಂತಿ. ಹಡಪಸರದ ಕಾಯಿಪಲ್ಲೆ ಮಂಡಿಯಲ್ಲಿ ನಾಗವ್ವ ಸಿಕ್ಕಳು, ಹುಲಿಗೆಪ್ಪನ ಹೆಂಡತಿ. ಕಂಡು ಆಚೆ ತಿರುಗಿಕೊಂಡೆ. ಅವಳೇ ಬಂದು ಕೈ ಹಿಡಿದಳು.

“ಹೆಂಗದಾರ್ರೀ ಹುಲಿಗೆಪ್ಪಣ್ಣ?”

“ಏನ್ ಹೇಳ್ಲಿ ಅಕ್ಕಾರ. ಮುಂಜಾನೆ ಎದ್ದು ರಸ್ತೆಕ್ ಹೋಗಿ ಕುಂದರ್ತಾರ. ಬಸ್ ಬಂದ್ರ ಅದರ ನಂಬರ್ ಓದತಾರ. ಖರೇ ಓದಿನೇನು ನೋಡು ಅಂತ ನಂಗ ಕೇಳ್ತಾರ. ನನಗೆಲ್ಲಿ ಓದಾಕ ಬರ್ತದ್ರಿ? ಹೂಂ ಅಂತೀನಿ. ನೀ ಸುಳ್ಳ ಹೂಂ ಅಂತಿ ಅಂತ ಮೊನ್ನೆ ಅತ್ರು.”

ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಅವಳು ಎಳ್ಳುಬೆಲ್ಲ ಕೊಟ್ಟಳು. ಬಾಯಿಗೆ ಹಾಕಿಕೊಂಡೆ, ಅವಳು ನೋಡುತ್ತಿದ್ದಳಲ್ಲ.

ಭಾನುವಾರ ಹೋಗುತ್ತೇನೆ. ಹೋಗಿ ಹೇಳುತ್ತೇನೆ. ಚನ್ನವೀರ ಏನಾದರೂ ಅನ್ನಲಿ.

18 ಜನವರಿ, ಭಾನುವಾರ. ಮಧ್ಯಾಹ್ನ 2.30

ಹೋಗಿ ಬಂದೆ. ಆದದ್ದು ಆದ ಹಾಗೆ ಬರೆಯುತ್ತೇನೆ.

ಕಾಲುವೆ ಹಿಂದಿನ ಚಾಳು. ಬಾಗಿಲಲ್ಲೇ ಕೂತಿದ್ದ. ಸೊರಗಿದ್ದಾನೆ. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿದ. ನಾಗವ್ವ ಚಹಾಕ್ಕೆ ಇಟ್ಟಳು. ಕೂತವಳೇ ಹೇಳಿದೆ, ಇಲ್ಲದಿದ್ದರೆ ಆಗುತ್ತಿರಲಿಲ್ಲ. ಟ್ಯಾಗ್ ಬಿಚ್ಚಿದ್ದು, ಟೇಬಲ್ ತಿರುಗಿಸಿದ್ದು, ತಪ್ಪು ಕಟ್ಟಿದ್ದು, ರಿಪೋರ್ಟು. ಒಂದನ್ನೂ ಬಿಡಲಿಲ್ಲ.

ಪೂರ್ತಿ ಕೇಳಿದ. ಆಮೇಲೆ, “ಹಂಗಾದ್ರ ಟ್ಯಾಗಿನ್ಯಾಗ ನಲವತ್ತೊಂದ ಇತ್ತಲ್ರಿ?”

“ಇತ್ತು.”

“ನಾ ನೋಡಿದ್ದು ಖರೇ?”

“ಖರೇ.”

ಎದ್ದು ಒಳಗೆ ಹೋದ. ಹಂಡೆಯಿಂದ ನೀರು ಮೊಗೆದು ಕುಡಿದದ್ದು ಕೇಳಿಸಿತು. ಎರಡು ಚೊಂಬು. ಹೊರಗೆ ಬಂದಾಗ ಮುಖ ಬೇರೆ. ಹತ್ತೊಂಬತ್ತು ವರ್ಷ ಅವನು ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ. ಇವತ್ತು ಅಕ್ಕಪಕ್ಕದ ಬಾಗಿಲು ತೆರೆದವು.

“ಎಂಟ ವಾರ ಆತ್ರೀ! ಎಂಟ ವಾರ ನನ್ನ ತಲಿ ಕೆಟ್ಟದ ಅಂತ ಕುಂತೀನಿ. ರಸ್ತೆ ದಾಟಾಕ ಅಂಜೀನಿ. ಔಷಧ ಡಬ್ಬಿ ಮುಟ್ಟಾಕ ಅಂಜೀನಿ. ನಿಮ್ಗ ನಿಮ್ಮ ಹುದ್ದೆ ಬೇಕಿತ್ತು, ಉಳಸ್ಕೊಂಡ್ರಿ, ಉಳಸ್ಕೋರಿ. ನೌಕರಿ ತಗೊಂಡಿದ್ರ ಸಾಕಿತ್ತಲ್ರಿ. ನನ್ನ ತಲಿ ಯಾಕ ತಗೊಂಡ್ರಿ?”

ಅಳು ಬಂತು. ಅಳು ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ನಾಗವ್ವ ಸ್ಟವ್ ಆರಿಸಿದಳು. ಚಹಾ ಪಾತ್ರೆ ಕೆಳಗಿಳಿಸಿ, ಬಾಗಿಲ ಚೌಕಟ್ಟು ಹಿಡಿದು ನಿಂತಳು.

ಸಾಹೇಬರಿಗೆ ಹೇಳುತ್ತೇನೆ, ಕೆಲಸಕ್ಕೆ ವಾಪಸ್ ಕರೆಸುತ್ತೇನೆ ಅಂದೆ. ತಲೆ ಅಲ್ಲಾಡಿಸಿದ.

“ಕೆಲಸ ಬ್ಯಾಡ್ರಿ. ಎಲ್ಲಾರ ಮುಂದ ಹೇಳ್ರಿ. ಅಂದು ಯಾರ್ಯಾರು ನಿಂತಿದ್ರಲ್ಲ, ಅವರೆಲ್ಲಾರ ಮುಂದ. ಹುಲಿಗೆಪ್ಪ ನೋಡಿದ್ದು ಖರೇ ಇತ್ತು ಅಂತ. ಇಷ್ಟ ಸಾಕು.”

ನಾಳೆ ಒಂಬತ್ತಕ್ಕೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಗೇಟಿನವರೆಗೆ ಅವನು ಬರಲಿಲ್ಲ. ಬರಬಾರದು ಕೂಡ.

ಚನ್ನವೀರನಿಗೆ ತಿಳಿಸಿದೆ. ‘ನಿನ್ನ ಇಷ್ಟ’ ಅಂದ. ಹೆದರಿಕೆ ಇಲ್ಲ, ಅಥವಾ ಇದೆ. ನಾಳೆ ನನ್ನ ಕೊನೆಯ ದಿನ ಇದ್ದರೂ ಇರಬಹುದು. ಡ್ರಾಯರಿನಲ್ಲಿರುವ ನನ್ನ ಸ್ಟೀಲ್ ಸ್ಕೇಲು ತರುವುದು ಮರೆಯಬಾರದು.

19 ಜನವರಿ, ಸೋಮವಾರ. ಬೆಳಿಗ್ಗೆ 9.40, ಸ್ಟೋರ್ ರೂಮಿನಲ್ಲಿ

ಹೇಳಿದೆ.

ದಿನಾ ಒಂಬತ್ತಕ್ಕೆ ಎಲ್ಲರೂ ಸುತ್ತ ನಿಂತು ಐದು ನಿಮಿಷ ಸುರಕ್ಷತೆಯ ಮಾತು. ಇವತ್ತು ನನ್ನ ಸರದಿ ಅಲ್ಲ, ಆದರೂ ಮುಂದೆ ಬಂದೆ. ಮೂವತ್ತು ಜನ. ಕಿಶೋರ ಸರ್ ಕಾಫಿ ಲೋಟ ಹಿಡಿದು ಮೆಟ್ಟಿಲ ಮೇಲೆ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ಹೇಳಿದೆ. 41ರ ಸರ್ಜಿಂಗಿಗೆ ಕಾರಣ ನಾನು. ಟ್ಯಾಗ್ ಬಿಚ್ಚಿದ್ದು ನಾನು, ತಪ್ಪು ಕಟ್ಟಿದ್ದು ನಾನು, ನೋಡದೆ ಟಿಕ್ ಹಾಕಿದ್ದು ನಾನು. ಹುಲಿಗೆಪ್ಪ ಟ್ಯಾಗ್ ಓದಿದ್ದು ಸರಿಯಾಗಿತ್ತು. ರಿಪೋರ್ಟು ಸುಳ್ಳು.

ಬಾಬು ಮೊದಲು ನಕ್ಕ. ಮೆತ್ತಗೆ, ಪ್ರೀತಿಯಿಂದ.

“ಮ್ಯಾಡಮ್, ನೀವ್ ಟ್ಯಾಗ್ ಬಿಚ್ಚೀರಿ? ನಾ ಒಮ್ಮೆ ಬಿಚ್ಚಿದ್ದಕ್ಕ ಮೂರ ದಿನ ಬೈದೀರಿ ನನ್ನ.”

“ಖರೇ ಬಾಬು. ಪೂಜಿ ದಿನ. ಮಾಲಿ ಹಾಕಾಕ.”

“ಇರಲ್ರಿ ಮ್ಯಾಡಮ್. ಮಾಮಾನ್ನ ನೋಡಿದ್ರ ನಮಗೂ ಕೆಡಕ ಅನಸ್ತದ. ಅದಕ್ಕಂತ ನೀವ್ಯಾಕ ಸುಳ್ಳ ಹೇಳ್ತೀರಿ?”

ಸುಳ್ಳಲ್ಲ ಅಂದೆ. ಕೂಗಿ ಹೇಳಿದೆ. ಟೇಬಲ್ ತಿರುಗಿಸಿದ್ದು ನೀವೇ ಅಲ್ಲವೇನು, ನೆನಪಿಲ್ಲವಾ ಅಂದೆ. ರಂಗೋಲಿ ತುಳಿದದ್ದಕ್ಕೆ ಬೈದದ್ದು ಮಾತ್ರ ನೆನಪಿದೆಯಂತೆ. ಹಿಂದೆ ನಿಂತ ಒಬ್ಬ ಹಿರಿಯ ಫಿಟ್ಟರ್ ಮರಾಠಿಯಲ್ಲಿ, “ಎಲ್ಲಾ ನಿಮ್ಮ ರಿಪೋರ್ಟಿನಲ್ಲೇ ಇದೆಯಲ್ಲ ಮ್ಯಾಡಮ್, ಗೋಡೆಗೆ ಅಂಟಿಸಿದೆ” ಅಂದ. ಹೌದು. ಎಲ್ಲರೂ ಕಲಿಯಲಿ ಎಂದು ಸರ್ ನೋಟೀಸ್ ಬೋರ್ಡಿಗೆ ಹಾಕಿಸಿದ್ದಾರೆ. ಆರು ಪುಟ, ಚಿತ್ರ ಸಮೇತ.

ಕಿಶೋರ ಸರ್ ಮೆಟ್ಟಿಲು ಇಳಿದು ಬಂದರು. ಒಂದು ಕ್ಷಣ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಅವರೊಬ್ಬರು ನಂಬಿದರು. ಆಣೆ ಮಾಡಿ ಹೇಳುತ್ತೇನೆ, ನಂಬಿದರು. ಆಮೇಲೆ ಎಲ್ಲರ ಕಡೆ ತಿರುಗಿದರು.

“ನೋಡ್ರಿ. ಹಳೇ ಮನಶ್ಯಾನ ಮಾನ ಉಳಸಾಕ ಮ್ಯಾಡಮ್ ತಪ್ಪು ತಮ್ಮ ತಲಿಮ್ಯಾಲೆ ಹೊತ್ಗೊಳ್ಳಾಕ ನಿಂತಾರ. ನೀವು ಕಾರಲೆ ಅಂತೀರಿ, ಗೊತ್ತೈತಿ ನನಗ. ಎಂಥಾ ಮನಸ್ಸು ಐತಿ ನೋಡ್ರಿ! ಚಪ್ಪಾಳಿ ಹೊಡೀರಿ.”

ಹೊಡೆದರು. ಮೂವತ್ತು ಜನ. ಬಾಬು ಕಣ್ಣು ಒರೆಸಿಕೊಂಡ. ಒಬ್ಬ ಬಂದು ನನ್ನ ಕಾಲು ಮುಟ್ಟಿದ.

“ಈಗ ಕೆಲಸಾ ಸುರು ಮಾಡ್ರಿ” ಅಂದರು ಸರ್. ನನ್ನ ಪಕ್ಕ ಹಾಯುವಾಗ, ಯಾರಿಗೂ ಕೇಳದ ಹಾಗೆ, ಮರಾಠಿಯಲ್ಲಿ: ಹಡಗಿನ ಕಂಪನಿಗೆ ಹೋದ ರಿಪೋರ್ಟು ಬದಲಾಗುವುದಿಲ್ಲ, ಇನ್ನೊಮ್ಮೆ ಈ ಮಾತು ಎತ್ತಬೇಡಿ.

ಏಳು ವರ್ಷ ಒಂದೂ ತಪ್ಪಿಲ್ಲದ ಹಾಗೆ ಮೆರೆದೆ. ಈಗ ತಪ್ಪು ಮಾಡಿದ್ದೇನೆ ಅಂದರೆ ನಂಬುವವರಿಲ್ಲ.

ಅದೇ ದಿನ. ಸಂಜೆ 5.50, ಬಸ್

ನಿಂತಿದ್ದೆ. ಸೀಟು ಈಗ ಸಿಕ್ಕಿತು. ಮಧ್ಯಾಹ್ನದಿಂದ ಹುಲಿಗೆಪ್ಪನ ನಾಲ್ಕು ಮಿಸ್ ಕಾಲ್. ಐದನೆಯದು ಎತ್ತಿದೆ.

“ಹೇಳಿದ್ರೇನ್ರೀ ಅಕ್ಕಾರ?”

“ಹೇಳಿದೆ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ. ಕನ್ನಡದಾಗೂ, ಮರಾಠಿಯಾಗೂ.”

ಉಸಿರು ಬಿಟ್ಟದ್ದು ಕೇಳಿಸಿತು. ಒಳಗೆ ಕೂಗಿ ಹೇಳಿದ, “ಏ ನಾಗವ್ವಾ, ಹೇಳ್ಯಾರಂತ! ಎಲ್ಲಾರ ಮುಂದ ಹೇಳ್ಯಾರಂತ!” ಎಂಟು ವಾರದ ಹಿಂದಿನ ದನಿ. ಆಮೇಲೆ ಮಗುವಿನ ಹಾಗೆ ಕೇಳಿದ: “ಏನಂದ್ರಿ ಅವ್ರು? ಬಾಬ್ಯಾ ಏನಂದ? ಸಾಹೇಬ್ರು ಏನಂದ್ರು?”

ಬಸ್ಸಿನ ಗದ್ದಲ, ಕೇಳಿಸುತ್ತಿಲ್ಲ, ತಿರುಗಿ ಮಾಡುತ್ತೇನೆ ಅಂದೆ. ಕಟ್ ಮಾಡಿದೆ. ಇಂಥ ಸುಳ್ಳು ನನಗೆ ಎಷ್ಟು ಸಲೀಸು.

ಮತ್ತೆ ರಿಂಗ್ ಆಗುತ್ತಿದೆ. ಎತ್ತಬೇಕು. ಈ ಸಲ ಇದ್ದದ್ದು ಇದ್ದ ಹಾಗೆ ಹೇಳಬೇಕು. ಹುಲಿಗೆಪ್ಪಣ್ಣ, ನಾ ಹೇಳಿದ್ದು ಕೇಳಿ ಅವರೆಲ್ಲಾ ಚಪ್ಪಾಳಿ…